ಪದ್ಯ ಕೈಯಲ್ಲಿದೆ, ಅರ್ಥ ಇನ್ನೂ ಹುಟ್ಟಬೇಕು: ಅನಿಶ್ಚಿತ ಕಾಲದ ವ್ಯಾಪಾರಕ್ಕೆ ಕಲೆಯ ಯೋಚನಾಕ್ರಮ

ಶಿರಸಿ ತಾಲೂಕಿನ ಯಾವುದೋ ಒಂದು ಊರಿನಲ್ಲಿ ಅಡಿಕೆ ಹಾಳೆಯಿಂದ ತಟ್ಟೆ ತಯಾರಿಸುವ ಸಣ್ಣ ಘಟಕವೊಂದಿದೆ ಎಂದು ಇಟ್ಟುಕೊಳ್ಳೋಣ. ಬಿಸಿ ಅಚ್ಚಿನಲ್ಲಿ ಒತ್ತುವ ನಾಲ್ಕು ಯಂತ್ರಗಳು, ಐದಾರು ಮಂದಿ ಕೆಲಸಗಾರರು, ಬೇಸಿಗೆಯಲ್ಲಿ ಸುತ್ತಲಿನ ತೋಟಗಳಿಂದ ತಂದು ಒಣಗಿಸಿ ಒಟ್ಟಿದ ಹಾಳೆಯ ರಾಶಿ, ಇವುಗಳ ಜೊತೆಗೆ ಬ್ಯಾಂಕಿನ ಸಾಲ. ಘಟಕದ ಒಡತಿ ಲೆಕ್ಕದಲ್ಲಿ ಗಟ್ಟಿಗರು. ಮಳೆಗಾಲದಲ್ಲಿ ಎಷ್ಟು ಹಾಳೆಗೆ ಬೂಸ್ಟು ಹಿಡಿಯುತ್ತದೆ, ಒತ್ತುವಾಗ ಎಷ್ಟು ತಟ್ಟೆಯ ಅಂಚು ಸೀಳುತ್ತದೆ, ಮದುವೆ-ಮುಂಜಿಗಳ ತಿಂಗಳಲ್ಲಿ ಬೇಡಿಕೆ ಎಷ್ಟು ಏರುತ್ತದೆ ಎಂಬುದೆಲ್ಲ ಅವರ ವಹಿಯಲ್ಲಿದೆ. 2022ರ ಜುಲೈ 1ರಂದು ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂದಾಗ ಇಂಥ ಘಟಕಗಳಿಗೆ ಬಾಗಿಲು ತೆರೆದಂತಾಯಿತು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆಯಲ್ಲಿರುವ ಕೆಲವು ರಾಸಾಯನಿಕಗಳು ಹಾಳೆಯಿಂದ ಊಟಕ್ಕೆ ಸೇರಬಹುದೆಂಬ ಕಾರಣ ಕೊಟ್ಟು, ಹಾಳೆಯ ತಟ್ಟೆಗಳನ್ನು ಬಳಸಬಾರದೆಂದು ಅಲ್ಲಿನ ಅಂಗಡಿ-ಹೋಟೆಲುಗಳಿಗೆ ತಿಳಿಸಿತು. ತೆರೆದ ಬಾಗಿಲುಗಳಲ್ಲಿ ಒಂದು ಮುಚ್ಚಿತು. ಈ ಎರಡರಲ್ಲಿ ಯಾವುದೂ ವಹಿಯಲ್ಲಿರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ.

ಬೂಸ್ಟಿಗೂ ಅಮೆರಿಕದ ಸೂಚನೆಗೂ ಇರುವ ಅಂತರವನ್ನು ಸ್ಪಷ್ಟ ಮಾಡಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿಯೇ ಇವೆರಡನ್ನು ಬೇರ್ಪಡಿಸಿ ತೋರಿಸಿದ್ದರು. ಹಿಂದಿನ ಅನುಭವದಿಂದ ಸಂಭವದ ಪ್ರಮಾಣವನ್ನು ಎಣಿಸಬಹುದಾದದ್ದು ಒಂದು ಬಗೆ; ಅದನ್ನು ಅಪಾಯ ಎನ್ನೋಣ. ಎಣಿಸುವುದಕ್ಕೆ ಆಧಾರವೇ ಇಲ್ಲದ್ದು ಇನ್ನೊಂದು ಬಗೆ, ಅದು ಅನಿಶ್ಚಿತತೆ. ಅಡಿಕೆಯ ಕೊಳೆ ರೋಗ ಮೊದಲನೆಯ ಜಾತಿಗೆ ಸೇರಿದ್ದು. ಮಳೆ ಬಿಡದೆ ಹಿಡಿದರೆ ಕೊಳೆ ಬರುತ್ತದೆ, ಶೇ 1ರ ಬೋರ್ಡೋ ದ್ರಾವಣವನ್ನು ಹೊತ್ತಿಗೆ ಸರಿಯಾಗಿ ಹೊಡೆದರೆ ಬಹುಪಾಲು ತಡೆಯಬಹುದು, ಅಡಿಕೆ ಗೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿದರೂ ಆದೀತು. ಯಾವುದಕ್ಕೆ ಎಷ್ಟು ಖರ್ಚು, ಎಷ್ಟು ಉಳಿತಾಯ ಎಂದು ಮನೆಯ ಹಿರಿಯರು ಬೆರಳೆಣಿಸಿ ಹೇಳುತ್ತಾರೆ. ಇಲ್ಲಿ ಕಲ್ಪನಾಶಕ್ತಿಗೆ ಕೆಲಸವಿಲ್ಲ, ಮರ ಹತ್ತುವವರು ಸಿಕ್ಕರೆ ಸಾಕು. ಆದರೆ 2024ರ ಮಳೆಗಾಲದಲ್ಲಿ ನಮ್ಮ ಕರಾವಳಿ ಕಂಡದ್ದು ಎರಡನೆಯ ಜಾತಿಯದು. ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ, ಗಂಗಾವಳಿ ನದಿಯ ವರೆಗೆ ಬಂದು ಬಿತ್ತು. ಹೋದ ಜೀವಗಳ ಮುಂದೆ ವ್ಯಾಪಾರದ ನಷ್ಟ ಹೇಳುವಂಥದ್ದಲ್ಲವಾದರೂ, ಹೆದ್ದಾರಿ ಮುಚ್ಚಿದ್ದರಿಂದ ಮೀನಿನ ಲಾರಿಯಿಂದ ಹಿಡಿದು ಚಹಾದಂಗಡಿಯವರೆಗೆ ಎಲ್ಲರ ಲೆಕ್ಕ ತಪ್ಪಿತು. ಮೂರು ವಾರ ಕಳೆದು, ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ನಡುರಾತ್ರಿಯ ನಂತರ ಕುಸಿಯಿತು. ಯಾವ ವ್ಯಾಪಾರಿಯ ಮುಂಗಡ ಪತ್ರದಲ್ಲಿಯೂ ‘ಸೇತುವೆ ಇರುತ್ತದೆ’ ಎಂಬ ಸಾಲು ಇರುವುದಿಲ್ಲ, ಏಕೆಂದರೆ ಅದು ಬರೆಯಬೇಕಾದ ಸಂಗತಿ ಎಂದು ಯಾರಿಗೂ ತೋರಿರುವುದಿಲ್ಲ.

ಹೀಗೆ ಎಣಿಕೆಗೆ ಸಿಗದ ಸಂದರ್ಭದಲ್ಲಿ ಉದ್ಯಮಗಳು ಕಲಾವಿದರ ಯೋಚನಾಕ್ರಮದಿಂದ ಕಲಿಯಬಹುದು ಎಂಬ ಮಾತು ಕೆಲವು ದಶಕಗಳಿಂದ ಆಡಳಿತಶಾಸ್ತ್ರದಲ್ಲಿ ಕೇಳಿಬರುತ್ತಿದೆ. ಕೇಳಿದ ಕೂಡಲೆ ನಗು ಬರುವ ಮಾತಿದು. ಕಚೇರಿಯ ಗೋಡೆಗೆ ಚಿತ್ರ ತೂಗುಹಾಕುವುದು, ನೌಕರರಿಗೆ ಒಂದು ದಿನದ ಮಟ್ಟಿಗೆ ಕುಂಚ ಕೊಟ್ಟು ಊಟ ಹಾಕಿಸಿ ಕಳಿಸುವುದು ಇತ್ಯಾದಿಗಳೇ ಈ ಹೆಸರಿನಲ್ಲಿ ಹೆಚ್ಚಾಗಿ ನಡೆಯುವುದರಿಂದ ಆ ನಗು ಅನ್ಯಾಯವೂ ಅಲ್ಲ. ಆದರೆ ಮೂಲ ವಿಚಾರ ಬೇರೆ. ಕಲಾವಿದನು ತನ್ನ ಕೆಲಸದ ಕೊನೆಯ ರೂಪ ಗೊತ್ತಿಲ್ಲದೆಯೇ ಅದನ್ನು ಆರಂಭಿಸುತ್ತಾನೆ ಮತ್ತು ಗೊತ್ತಿಲ್ಲ ಎಂಬುದು ಅವನ ಕೈ ಕಟ್ಟಿಹಾಕುವುದಿಲ್ಲ. ಅವನು ಇದನ್ನು ಹೇಗೆ ಸಾಧಿಸುತ್ತಾನೆ, ಆ ಅಭ್ಯಾಸದಲ್ಲಿ ಬೇರೆಯವರು ಕಲಿಯಬಹುದಾದ ಕ್ರಮವೇನಾದರೂ ಇದೆಯೇ ಎಂಬುದು ನಿಜವಾದ ಪ್ರಶ್ನೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಈ ಪ್ರಶ್ನೆಯ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ಯಾವುದಾದರೂ ದೇವಸ್ಥಾನದ ಚಂದ್ರಶಾಲೆಯಲ್ಲಿ ನಡೆಯುವ ತಾಳಮದ್ದಳೆಗೆ, ಅಂದರೆ ಯಕ್ಷಗಾನದ ಹಾಡು-ಮಾತಿನ ಕೂಟಕ್ಕೆ, ಹೋಗಿ ಕುಳಿತರೆ ಸಾಕು. ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆ ಇಲ್ಲ. ಹಾಡುವ ಭಾಗವತರ ಕೈಯಲ್ಲಿ ಪ್ರಸಂಗವೆಂಬ ಕಥಾಕಾವ್ಯವಿದೆ, ಅದರಲ್ಲಿ ಪದ್ಯಗಳಿವೆ, ಪದ್ಯಗಳ ಕ್ರಮ ಮೊದಲೇ ನಿಶ್ಚಿತವಾಗಿದೆ. ಆದರೆ ಪಾತ್ರವಾಗಿ ಕುಳಿತು ಪದ್ಯಕ್ಕೆ ಮಾತು ಕಟ್ಟುವ ಅರ್ಥಧಾರಿ ಆಡಬೇಕಾದ ಮಾತನ್ನು ಯಾರೂ ಬರೆದುಕೊಟ್ಟಿಲ್ಲ. ಎದುರು ಕುಳಿತ ಕೌರವನು ಏನು ಕೇಳುತ್ತಾನೆ ಎಂಬುದು ಕೃಷ್ಣನ ಅರ್ಥ ಹೇಳುವವರಿಗೆ ಮೊದಲೇ ತಿಳಿದಿರುವುದಿಲ್ಲ. ಕೇಳಿದ ಮೇಲೆ ‘ಇದಕ್ಕೆ ನಾನು ಸಿದ್ಧನಾಗಿ ಬಂದಿಲ್ಲ’ ಎಂದು ಹೇಳುವ ಅವಕಾಶವೂ ಇರುವುದಿಲ್ಲ. ಎದುರಿನವರ ಮಾತನ್ನು ಕೇಳಿಸಿಕೊಳ್ಳಬೇಕು, ಅದನ್ನು ಸ್ವೀಕರಿಸಬೇಕು, ಪಾತ್ರದ ಸ್ವಭಾವಕ್ಕೆ ಭಂಗ ಬಾರದಂತೆ ಉತ್ತರ ಕಟ್ಟಬೇಕು, ಮತ್ತು ಇಷ್ಟೆಲ್ಲ ಮಾಡಿಯೂ ಮಾತನ್ನು ಭಾಗವತರ ಮುಂದಿನ ಪದ್ಯದ ಎತ್ತುಗಡೆಗೆ ತಂದು ಬಿಡಬೇಕು. ಬೇರೆ ಬೇರೆ ಊರುಗಳಿಂದ ಬಂದ ಕಲಾವಿದರು ಪೂರ್ವಾಭ್ಯಾಸವಿಲ್ಲದೆ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಮಾತಾಡಿಕೊಂಡು ಕೂಟಕ್ಕೆ ಕೂರುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದರಲ್ಲಿ ಇರುವ ಶಿಸ್ತು ನಮ್ಮ ಕಣ್ಣಿಗೆ ಬೀಳುವುದನ್ನೇ ನಿಲ್ಲಿಸಿದೆ.

ಆಶುಮಾತು ಎಂದರೆ ಬಾಯಿಗೆ ಬಂದ ಮಾತು ಎಂದು ತಿಳಿದವರು ತಾಳಮದ್ದಳೆಯಲ್ಲಿ ಹತ್ತು ನಿಮಿಷವೂ ಬಾಳಲಾರರು. ಪುರಾಣದ ಓದು, ಪ್ರಸಂಗದ ಪರಿಚಯ, ಎದುರು ಅರ್ಥಧಾರಿಯ ಮನೋಧರ್ಮದ ಅಂದಾಜು ಇವೆಲ್ಲ ವರ್ಷಗಟ್ಟಲೆ ಕೂಡಿಟ್ಟ ಬಂಡವಾಳ. ಆ ಬಂಡವಾಳವನ್ನು ಯಾವ ಕ್ಷಣಕ್ಕೆ ಎಷ್ಟು ಬಿಚ್ಚಬೇಕು ಎಂಬುದು ಮಾತ್ರ ಆ ಕ್ಷಣದ ನಿರ್ಧಾರ. ವ್ಯಾಪಾರದಲ್ಲಿ ಯೋಜನೆ ಮತ್ತು ಸಿದ್ಧತೆ ಎಂಬ ಎರಡು ಶಬ್ದಗಳನ್ನು ಒಂದೇ ಅರ್ಥದಲ್ಲಿ ಬಳಸುವ ರೂಢಿಯಿದೆ. ಯೋಜನೆಯು ಮುಂದಿನ ಮಾತನ್ನು ಬರೆದಿಡುತ್ತದೆ, ಸಿದ್ಧತೆಯು ಯಾವ ಮಾತು ಬಂದರೂ ಉತ್ತರಿಸುವ ಶಕ್ತಿಯನ್ನು ಬೆಳೆಸುತ್ತದೆ. ಅನಿಶ್ಚಿತತೆ ಹೆಚ್ಚಿದಷ್ಟೂ ಮೊದಲನೆಯದರ ಬೆಲೆ ಇಳಿದು ಎರಡನೆಯದರ ಬೆಲೆ ಏರುತ್ತದೆ.

ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ದೊಡ್ಡ ಕಂಪನಿಗಳು ಭವಿಷ್ಯದ ಬಗ್ಗೆ ಯೋಚಿಸುವಾಗ ಬಳಸುವ ‘ಸಿನಾರಿಯೋ’ ಎಂಬ ಶಬ್ದ ಬಂದದ್ದೇ ರಂಗಭೂಮಿಯಿಂದ. ಹದಿನಾರನೆಯ ಶತಮಾನದ ಇಟಲಿಯಲ್ಲಿ ‘ಕಾಮೆಡಿಯಾ ದೆಲ್ ಆರ್ತೆ’ ಎಂಬ ನಾಟಕ ಪ್ರಕಾರವಿತ್ತು. ಅದರಲ್ಲಿ ಸಂಭಾಷಣೆ ಬರೆದಿರುತ್ತಿರಲಿಲ್ಲ. ಯಾವ ದೃಶ್ಯದ ನಂತರ ಯಾವುದು, ಯಾರು ಯಾವಾಗ ಪ್ರವೇಶಿಸಬೇಕು ಎಂಬ ಹಂದರ ಮಾತ್ರ ಇರುತ್ತಿತ್ತು ಮತ್ತು ಮಾತನ್ನು ನಟರೇ ಸ್ಥಳದಲ್ಲಿ ಕಟ್ಟುತ್ತಿದ್ದರು. ಆ ಹಂದರಕ್ಕೆ ಅವರು ಇಟ್ಟ ಹೆಸರು ಸಿನಾರಿಯೋ. ಪದ್ಯಗಳನ್ನು ತೆಗೆದುಬಿಟ್ಟರೆ ನಮ್ಮ ಪ್ರಸಂಗಕ್ಕೂ ಅದಕ್ಕೂ ದಾಯಾದಿ ಸಂಬಂಧ ಹೇಳಬಹುದು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಹರ್ಮನ್ ಕಾನ್ ಮೊದಲಾದ ಯುದ್ಧತಂತ್ರಜ್ಞರು ಆ ಶಬ್ದವನ್ನು ‘ಮುಂದೆ ಹೀಗೂ ನಡೆಯಬಹುದು’ ಎಂಬ ಕಥನಗಳಿಗೆ ಬಳಸತೊಡಗಿದರು. ಅದನ್ನು ವ್ಯಾಪಾರಕ್ಕೆ ತಂದು ಹೆಸರಾದದ್ದು ಶೆಲ್ ತೈಲ ಕಂಪನಿ. ಅಲ್ಲಿನ ಪಿಯೆರ್ ವಾಕ್ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲಿ, ತೈಲದ ಬೆಲೆ ಹಿಂದಿನಂತೆಯೇ ನಿಧಾನವಾಗಿ ಸಾಗುತ್ತದೆ ಎಂಬ ಎಲ್ಲರ ನಂಬಿಕೆಯನ್ನು ಬದಿಗಿಟ್ಟು, ತೈಲ ಉತ್ಪಾದಿಸುವ ದೇಶಗಳು ಪಟ್ಟು ಹಿಡಿದರೆ ಏನಾದೀತು ಎಂಬ ಕಥೆಯನ್ನು ವಿವರವಾಗಿ ಹೆಣೆದು ಹಿರಿಯ ಅಧಿಕಾರಿಗಳ ಮುಂದಿಟ್ಟರು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ತಡೆದವು. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರ ಹೋಯಿತು. ವಾಕ್ ಭವಿಷ್ಯ ನುಡಿದರು ಎಂದು ಇದನ್ನು ಹೇಳುವವರಿದ್ದಾರೆ, ಅದು ತಪ್ಪು ಓದು. ಅವರು ಮುಂದಿಟ್ಟದ್ದು ಒಂದೇ ಕಥೆಯಲ್ಲ, ಹಲವು. ಅವುಗಳಲ್ಲಿ ಒಂದರ ಅರ್ಥವನ್ನು ಶೆಲ್‌ನ ಅಧಿಕಾರಿಗಳು ಮನಸ್ಸಿನಲ್ಲಿ ಮೊದಲೇ ಒಮ್ಮೆ ಹೇಳಿಕೊಂಡಿದ್ದರು, ಅಷ್ಟೇ.

ಹಲವು ಎಂಬುದು ಇಲ್ಲಿ ಮುಖ್ಯ. ತಾಳಮದ್ದಳೆಗೂ ವ್ಯಾಪಾರಕ್ಕೂ ಹೋಲಿಕೆ ಮುರಿಯುವ ಜಾಗವೂ ಇದೇ. ಸಂಧಾನ ಮುರಿಯುತ್ತದೆ, ಯುದ್ಧ ನಡೆಯುತ್ತದೆ ಎಂಬುದು ಕೂಟದಲ್ಲಿ ಕುಳಿತ ಮಗುವಿಗೂ ಗೊತ್ತು. ದಾರಿ ಮಾತ್ರ ಗೊತ್ತಿಲ್ಲ. ಹಾಳೆ ತಟ್ಟೆಯ ಒಡತಿಗೆ ಮೊದಲ ಎರಡು ಪದ್ಯ ಗೊತ್ತಿವೆ, ಕೊನೆಯ ಮಂಗಳದ ಪದ್ಯ ಯಾವುದೆಂದು ಗೊತ್ತಿಲ್ಲ. ಆದ್ದರಿಂದ ಅವರು ಒಂದರ ಬದಲು ಮೂರು ಪ್ರಸಂಗಗಳನ್ನು ಕಟ್ಟಿಕೊಳ್ಳಬೇಕಾಗುತ್ತದೆ.

ಕಟ್ಟುವುದು ಹೇಗೆ ಎಂದು ನೋಡೋಣ. ಒಂದು ಸಂಜೆ ಯಂತ್ರ ನಿಲ್ಲಿಸಿದ ಮೇಲೆ ಎಲ್ಲರೂ ಹಾಳೆಯ ರಾಶಿಯ ಪಕ್ಕದಲ್ಲೇ ಕೂರುತ್ತಾರೆ. ಮೊದಲ ಪ್ರಸಂಗ: ಬೇರೆ ದೇಶಗಳೂ ಅಮೆರಿಕದ ದಾರಿ ಹಿಡಿದು, ರಫ್ತು ಪೂರ್ತಿ ನಿಂತಿದೆ. ಎರಡನೆಯದು: ಪ್ರಯೋಗಾಲಯದ ಪ್ರಮಾಣಪತ್ರ ಕೊಟ್ಟವರಿಂದ ಮಾತ್ರ ಕೊಳ್ಳುತ್ತೇವೆ ಎಂದು ಬೆಂಗಳೂರಿನ ದೊಡ್ಡ ಖರೀದಿದಾರರು ಹೇಳಿದ್ದಾರೆ. ಮೂರನೆಯದನ್ನು ಬೇಕೆಂದೇ ಬೇರೆ ದಿಕ್ಕಿನಿಂದ ತರಬೇಕು: ಬೇಡಿಕೆ ಚೆನ್ನಾಗಿಯೇ ಇದೆ, ಆದರೆ ಎಲೆಚುಕ್ಕೆ ರೋಗ ತೋಟಗಳಿಗೆ ಹಬ್ಬಿ ಒಳ್ಳೆಯ ಹಾಳೆಯೇ ಸಿಗುತ್ತಿಲ್ಲ. ಪ್ರತಿ ಪ್ರಸಂಗಕ್ಕೂ ಪಾತ್ರಗಳನ್ನು ಹಂಚಬೇಕು. ಅಚ್ಚಿನ ಮುಂದೆ ಕೂರುವ ಹೆಂಗಸು ಬೆಂಗಳೂರಿನ ಖರೀದಿದಾರಳಾಗಲಿ, ಹಾಳೆ ತರುವ ಟೆಂಪೋ ಚಾಲಕ ಬ್ಯಾಂಕ್ ಮ್ಯಾನೇಜರ್ ಆಗಲಿ, ಒಡತಿ ಮಾತ್ರ ಒಡತಿಯಾಗದೆ, ಹಾಳೆ ಕೊಡುವ ತೋಟದ ಯಜಮಾನನ ಅರ್ಥ ಹೇಳಲಿ. ‘ನಿಮ್ಮ ತಟ್ಟೆ ಚೆನ್ನಾಗಿದೆ ಅಕ್ಕ, ಆದರೆ ಈ ಕಾಗದ ಇಲ್ಲದೆ ನಾನು ಬಿಲ್ಲು ಪಾಸ್ ಮಾಡಿಸಲಾರೆ’ ಎಂದು ಖರೀದಿದಾರಳಾದವಳು ಹೇಳಿದಾಗ ಉತ್ತರ ಕಟ್ಟಲೇಬೇಕಾದ ಇಕ್ಕಟ್ಟು ಹುಟ್ಟುತ್ತದೆ. ವರ್ಷವಿಡೀ ಸಭೆ ನಡೆಸಿದರೂ ಹೊರಬಾರದ ಸಂಗತಿಗಳು ಆ ಇಕ್ಕಟ್ಟಿನಲ್ಲಿ ಹೊರಬರುತ್ತವೆ: ಟೆಂಪೋ ಚಾಲಕನಿಗೆ ಮಾತ್ರ ಗೊತ್ತಿರುವ ಇನ್ನೊಂದು ಊರಿನ ಹಾಳೆಯ ದರ, ಅಥವಾ ಯಾವ ತೋಟದ ಹಾಳೆ ಹೇಗೆ ಸೀಳುತ್ತದೆ ಎಂಬ ಅಚ್ಚಿನವಳ ತಿಳಿವಳಿಕೆ.

ಪಾತ್ರ ಬದಲಿಸುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಸ್ವಲ್ಪ ಸಂಕೋಚದಿಂದಲೇ ಹೇಳಬೇಕು. ನಮ್ಮ ಕಡೆಯ ಸಣ್ಣ ಉದ್ಯಮಗಳು ಬಹುತೇಕ ಮನೆತನದ ಉದ್ಯಮಗಳು. ಅಪ್ಪ ಅಥವಾ ದೊಡ್ಡಪ್ಪ ಮೊದಲು ಮಾತಾಡಿಬಿಟ್ಟರೆ ಉಳಿದವರು ತಲೆಯಾಡಿಸುತ್ತಾರೆ. ತಾಳಮದ್ದಳೆಯಲ್ಲಿ ಇಪ್ಪತ್ತೈದರ ಹುಡುಗ ಎಪ್ಪತ್ತರ ಹಿರಿಯರ ವಾದವನ್ನು ತುಂಡರಿಸಬಹುದು, ಅದು ಅಗೌರವವಾಗುವುದಿಲ್ಲ, ಯಾಕೆಂದರೆ ಮಾತು ಹುಡುಗನದಲ್ಲ, ಪಾತ್ರದ್ದು. ಮರುದಿನ ಅದೇ ಹುಡುಗ ಅದೇ ಹಿರಿಯರ ಕಾಲಿಗೆ ನಮಸ್ಕರಿಸುತ್ತಾನೆ. ಭಿನ್ನಾಭಿಪ್ರಾಯಕ್ಕೆ ಇಷ್ಟು ಸುರಕ್ಷಿತವಾದ ಜಾಗವನ್ನು ಯಾವ ಆಡಳಿತ ತರಬೇತಿಯೂ ಕಟ್ಟಿಕೊಟ್ಟಿದ್ದನ್ನು ನಾನು ಕಂಡಿಲ್ಲ.

ಕಲಾವಿದರಿಂದ ಕಲಿಯಬಹುದಾದ ಎರಡನೆಯ ಅಭ್ಯಾಸವು ಪ್ರಶ್ನೆಗೆ ಸಂಬಂಧಿಸಿದ್ದು. ಜೇಕಬ್ ಗೆಟ್ಜೆಲ್ಸ್ ಮತ್ತು ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಇಬ್ಬರು ಸಂಶೋಧಕರು 1960ರ ದಶಕದಲ್ಲಿ ಶಿಕಾಗೋದ ಕಲಾಶಾಲೆಯ 31 ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ನಡೆಸಿದರು. ಒಂದು ಮೇಜಿನ ಮೇಲೆ 27 ವಸ್ತುಗಳನ್ನಿಟ್ಟು, ಬೇಕಾದವನ್ನು ಆರಿಸಿ ಇನ್ನೊಂದು ಮೇಜಿನ ಮೇಲೆ ಜೋಡಿಸಿಕೊಂಡು ಚಿತ್ರ ಬರೆಯಿರಿ ಎಂದರು. ಕೆಲವರು ಎರಡು ಮೂರು ವಸ್ತು ಎತ್ತಿಕೊಂಡು ಕೂಡಲೆ ಬರೆಯಲು ಕುಳಿತರು. ಕೆಲವರು ಹಲವು ವಸ್ತುಗಳನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಜೋಡಣೆ ಬದಲಿಸಿ, ಬರೆಯಲು ತೊಡಗಿದ ಮೇಲೂ ವಿನ್ಯಾಸ ಬದಲಿಸುತ್ತ ಹೋದರು. ಎರಡನೆಯ ಗುಂಪಿನ ಚಿತ್ರಗಳನ್ನು ತಜ್ಞರು ಹೆಚ್ಚು ಸ್ವಂತಿಕೆಯುಳ್ಳವು ಎಂದು ಗುರುತಿಸಿದರು. ಏಳು ವರ್ಷಗಳ ನಂತರ ವಿಚಾರಿಸಿದಾಗ ಕಲಾವಿದರಾಗಿ ಹೆಚ್ಚು ನೆಲೆ ನಿಂತವರೂ ಅವರೇ ಆಗಿದ್ದರು. ಸಮಸ್ಯೆಯನ್ನು ಬಿಡಿಸುವ ಚುರುಕಿಗಿಂತ, ಸಮಸ್ಯೆ ಯಾವುದೆಂದು ಹುಡುಕುವ ತಾಳ್ಮೆ ಅವರನ್ನು ಬೇರೆ ಮಾಡಿತ್ತು.

ಹಾಳೆಯ ಘಟಕಕ್ಕೆ ಇದನ್ನು ಅನ್ವಯಿಸಿದರೆ, ‘ತಟ್ಟೆಗೆ ಹೊಸ ಗಿರಾಕಿ ಎಲ್ಲಿ?’ ಎಂಬುದು ಮೊದಲು ಹೊಳೆಯುವ ಪ್ರಶ್ನೆ. ಅದನ್ನು ಒಂದು ವಾರ ಬದಿಗಿಡಬೇಕು. ಆ ವಾರ ರಾಶಿಯಿಂದ ಹಾಳೆಯೊಂದನ್ನು ಎತ್ತಿಕೊಂಡು, ಅದು ತಟ್ಟೆ ಎಂಬುದನ್ನು ಮರೆತು ನೋಡಬೇಕು. ಅಜ್ಜನ ಕಾಲದಲ್ಲಿ ಅದು ತಲೆಯ ಮೇಲಿನ ಟೋಪಿಯಾಗಿತ್ತು, ಕೊಟ್ಟಿಗೆಯಲ್ಲಿ ದನದ ಮೇವಾಗಿತ್ತು, ಮಕ್ಕಳನ್ನು ಕೂರಿಸಿ ಎಳೆಯುವ ಬಂಡಿಯಾಗಿತ್ತು. ಆಕ್ಷೇಪ ಬಂದಿರುವುದು ಊಟಕ್ಕೆ ತಾಗುವ ಹಾಳೆಗೆ. ಸಸಿ ಬೆಳೆಸುವ ಬಟ್ಟಲಿಗೆ, ವಸ್ತು ಕಳಿಸುವ ಪೆಟ್ಟಿಗೆಯ ಒಳಮೈಗೆ, ದೀಪದ ಮುಚ್ಚಿಗೆಗೆ ಆ ಆಕ್ಷೇಪ ತಾಗುವುದಿಲ್ಲ. ಇವುಗಳಲ್ಲಿ ಯಾವುದಾದರೂ ಲಾಭ ತಂದೀತೆಂದು ನಾನು ಹೇಳುತ್ತಿಲ್ಲ. ಪ್ರಶ್ನೆಯು ‘ತಟ್ಟೆ ಯಾರಿಗೆ?’ ಎಂಬಲ್ಲಿಂದ ‘ಈ ಬಿಸಿ ಅಚ್ಚು, ಈ ಕೈಗಳು, ಈ ತೋಟಗಳ ಪರಿಚಯ ಸೇರಿ ಏನೇನು ಆಗಬಲ್ಲದು?’ ಎಂಬಲ್ಲಿಗೆ ಸರಿದಾಗ ಆಯ್ಕೆಗಳ ಸಂಖ್ಯೆಯೇ ಬದಲಾಗುತ್ತದೆ.

ಸಾರಸ್ ಸರಸ್ವತಿ ಎಂಬ ಭಾರತ ಮೂಲದ ವಿದುಷಿ 2001ರಲ್ಲಿ ಪ್ರಕಟಿಸಿದ ವಿಚಾರ ಇದಕ್ಕೆ ಹತ್ತಿರದ್ದು. 27 ಅನುಭವೀ ಉದ್ಯಮಿಗಳು ಯೋಚಿಸುವ ಕ್ರಮವನ್ನು ಅಭ್ಯಸಿಸಿದಾಗ ಅವರಲ್ಲಿ ಹೆಚ್ಚಿನವರು ಗುರಿ ನಿಶ್ಚಯಿಸಿ ಸಾಧನ ಹುಡುಕುವವರಾಗಿರಲಿಲ್ಲ. ಕೈಯಲ್ಲಿರುವುದನ್ನು ನೋಡಿ, ಅದರಿಂದ ಆಗಬಹುದಾದ ಗುರಿಗಳನ್ನು ಕಲ್ಪಿಸಿಕೊಳ್ಳುವವರಾಗಿದ್ದರು, ಮತ್ತು ಲಾಭ ಎಷ್ಟು ಬರಬಹುದು ಎಂಬುದಕ್ಕಿಂತ ಹೋದರೆ ಎಷ್ಟು ತಡೆದುಕೊಳ್ಳಬಲ್ಲೆ ಎಂದು ಲೆಕ್ಕ ಹಾಕುವವರಾಗಿದ್ದರು. ಅಡಿಗೆಯ ಹೋಲಿಕೆಯಲ್ಲಿ ಹೇಳುವುದಾದರೆ, ಪಟ್ಟಿ ಹಿಡಿದು ಪೇಟೆಗೆ ಹೋಗುವುದು ಒಂದು ಕ್ರಮ, ಹಿತ್ತಿಲಲ್ಲಿ ಇವತ್ತು ಯಾವ ಕುಡಿ ಸಿಕ್ಕಿತೋ ಅದನ್ನು ಹುರಿದು ಅರೆದು ಮಜ್ಜಿಗೆಗೆ ಸೇರಿಸಿ ತಂಬುಳಿ ಮಾಡುವುದು ಇನ್ನೊಂದು. ಗಂಧದ ಕೊರಡನ್ನು ಕೈಗೆತ್ತಿಕೊಂಡ ಗುಡಿಗಾರರು ಅದರ ಎಳೆ, ಗಂಟು, ಬಿರುಕುಗಳನ್ನು ನೋಡಿ ಮೂರ್ತಿಯ ಭಂಗಿ ತೀರ್ಮಾನಿಸುವುದೂ ಇದೇ ಜಾತಿಯ ವಿವೇಕ.

ಮೂರನೆಯದು ನೋಡುವ ಅಭ್ಯಾಸ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ಚಿತ್ರಶಾಲೆಗೆ ಕರೆದೊಯ್ದು, ಹಳೆಯ ವರ್ಣಚಿತ್ರಗಳ ಮುಂದೆ ನಿಲ್ಲಿಸಿ, ಅರ್ಥ ಹೇಳುವ ಮೊದಲು ಕಂಡದ್ದನ್ನಷ್ಟೇ ವಿವರಿಸಲು ಹೇಳಲಾಯಿತು. ಹಾಗೆ ತರಬೇತಾದವರು ರೋಗಿಗಳ ಛಾಯಾಚಿತ್ರಗಳಲ್ಲಿ ಉಳಿದವರಿಗಿಂತ ಹೆಚ್ಚು ವಿವರಗಳನ್ನು ಗುರುತಿಸಿದರೆಂದು 2001ರಲ್ಲಿ ಪ್ರಕಟವಾಯಿತು. ಶಿರಸಿಯ ವಖಾರಿಯಲ್ಲಿ ಅಡಿಕೆಯನ್ನು ಅಂಗೈಯಲ್ಲಿ ಉರುಳಿಸಿ, ಕತ್ತರಿಸಿ ಒಳಬಣ್ಣ ನೋಡಿ ದರ್ಜೆ ಹೇಳುವವರಿಗೆ ಇದು ಹೊಸದೇನಲ್ಲ. ಆದರೆ ಅಡಿಕೆಯನ್ನು ಅಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣು ಗಿರಾಕಿಯನ್ನು, ಗೋದಾಮನ್ನು, ರಸ್ತೆಯನ್ನು ನೋಡುವಾಗ ‘ಗೊತ್ತಿರುವುದೇ’ ಎಂದು ಮುಚ್ಚಿಕೊಳ್ಳುತ್ತದೆ. ಇಲ್ಲಿ ಏನು ನಡೆಯುತ್ತಿದೆ, ಹಾಗೆಂದು ಹೇಳುವುದಕ್ಕೆ ಏನು ಕಂಡಿರಿ, ಇನ್ನೇನು ಕಾಣುತ್ತಿದೆ ಎಂಬ ಮೂರು ಪ್ರಶ್ನೆಗಳನ್ನು ಚಿತ್ರಕಲೆ ಕಲಿಸುವವರು ಬಳಸುತ್ತಾರೆ. ತಿಂಗಳಿಗೊಮ್ಮೆ ಅಂಗಡಿಯ ಎದುರು ಬದಿಯಲ್ಲಿ ಅರ್ಧ ಗಂಟೆ ನಿಂತು ಈ ಮೂರನ್ನೂ ತಮ್ಮ ಅಂಗಡಿಯ ಬಗ್ಗೆಯೇ ಕೇಳಿಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ಇದರ ಮಿತಿಗಳನ್ನು ಮುಚ್ಚಿಡಬಾರದು. ಯೇಲ್‌ನ ಅಧ್ಯಯನ ವೈದ್ಯ ವಿದ್ಯಾರ್ಥಿಗಳದು, ಶಿಕಾಗೋದ್ದು ಚಿತ್ರ ಕಲಿಯುವವರದು. ಅವುಗಳಿಂದ ನೇರವಾಗಿ ‘ಲಾಭ ಹೆಚ್ಚುತ್ತದೆ’ ಎಂದು ತೀರ್ಮಾನಿಸುವುದು ಸಲ್ಲದು. ಕೊಳೆಗೆ ಔಷಧಿ ಹೊಡೆಯುವ ದಿನ ನಾಟಕ ಆಡುತ್ತ ಕುಳಿತರೆ ಬೆಳೆ ಹೋಗುತ್ತದೆ. ಎಣಿಕೆಗೆ ಸಿಗುವುದನ್ನು ಎಣಿಸಿಯೇ ತೀರಬೇಕು. ಸಾಲದ ಕಂತು ಕಟ್ಟಲಾರದ ಸ್ಥಿತಿಗೆ ಬಂದ ಮೇಲೆ ಈ ಅಭ್ಯಾಸ ಆರಂಭಿಸಿದರೂ ಪ್ರಯೋಜನ ಕಡಿಮೆ, ಏಕೆಂದರೆ ಆಗ ಪಾತ್ರಧಾರಿಗಳ ಮನಸ್ಸಿನಲ್ಲಿ ಒಂದೇ ಪ್ರಸಂಗ ಉಳಿದಿರುತ್ತದೆ. ಹೊರಗಿನವರನ್ನು ಕರೆಸಿ ಒಂದು ದಿನದ ಶಿಬಿರ ಮಾಡಿಸುವುದರ ಬಗ್ಗೆ ನನಗೆ ಇರುವುದು ಅನುಮಾನವೇ. ಅರ್ಥಗಾರಿಕೆ ಒಂದು ದಿನದಲ್ಲಿ ಬಂದ ಉದಾಹರಣೆ ಇಲ್ಲ.

ಹೊತ್ತು ಹೊಂದಿಸುವುದು ಕಷ್ಟವೆಂದು ಹೇಳುವವರಿಗೆ ನಮ್ಮ ಪಂಚಾಂಗವೇ ಅನುಕೂಲ ಮಾಡಿಕೊಟ್ಟಿದೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಕಾರವಾರದಿಂದ ಭಟ್ಕಳದವರೆಗೆ ಯಾಂತ್ರೀಕೃತ ಬೋಟುಗಳು ದಡದಲ್ಲಿರುತ್ತವೆ, ಬಲೆ ನೇಯುವ ಕೆಲಸ ಬಿಟ್ಟರೆ ಬಂದರಿಗೆ ಬಿಡುವು. ಘಟ್ಟದ ಮೇಲೆ ಹಾಳೆ ಒಣಗುವುದಿಲ್ಲ, ಪ್ರವಾಸಿಗರು ಕಡಿಮೆ. ಆ ಎರಡು ತಿಂಗಳಲ್ಲಿ ವಾರಕ್ಕೊಂದು ಸಂಜೆಯಂತೆ ಎಂಟು ಕೂಟಗಳಾಗುತ್ತವೆ: ಮೂರು ಪ್ರಸಂಗಗಳಿಗೆ ಎರಡೆರಡು, ಬರೀ ನೋಡುವುದಕ್ಕೆ ಒಂದು, ಪ್ರಶ್ನೆ ಬದಲಿಸುವುದಕ್ಕೆ ಒಂದು. ಪ್ರತಿ ಕೂಟದ ಕೊನೆಗೆ ವಹಿಯ ಹಿಂಬದಿಯ ಹಾಳೆಯಲ್ಲಿ ಎರಡೇ ಸಾಲು ಬರೆದಿಟ್ಟರೆ ಸಾಕು: ಈ ಪ್ರಸಂಗ ನಿಜವಾಗತೊಡಗಿದರೆ ಮೊದಲು ಕಾಣುವ ಗುರುತು ಯಾವುದು, ಮತ್ತು ಅದನ್ನು ಮೊದಲು ಕಾಣುವವರು ನಮ್ಮಲ್ಲಿ ಯಾರು. ಹಾಳೆಯ ಘಟಕದಲ್ಲಿ ಮೂರನೆಯ ಪ್ರಸಂಗದ ಎದುರು ಒಡತಿಯ ಹೆಸರು ಬರಲಿಕ್ಕಿಲ್ಲ; ತೋಟ ತೋಟ ತಿರುಗುವ ಟೆಂಪೋ ಚಾಲಕನ ಹೆಸರು ಬಂದೀತು.